ಪ್ರಶ್ನೋತ್ತರ: ವೆಬ್‌ಲಾಜಿಕ್ ಡೊಮೇನ್ ಎಲ್ಲಿ ಸಿಕ್ಕಿಕೊಳ್ಳುತ್ತಿದೆ?

(ಉತ್ತರ ಕೊಡುವವರು ಮೇಡಂ. ಉಳಿದವರನ್ನು ಅವರ ಊರಿನ ಹೆಸರಿನಿಂದ ಕರೆದಿದೆ.)

ಸಾಗರ: ನಮಸ್ಕಾರ ಮೇಡಂ. ನಮ್ಮದು ಅಡಿಕೆ ವಹಿವಾಟಿನ ಸಾಫ್ಟ್‌ವೇರ್. ಅದು ಓಡುವುದು ವೆಬ್‌ಲಾಜಿಕ್ ಎಂಬ ಅಪ್ಲಿಕೇಶನ್ ಸರ್ವರ್ ಮೇಲೆ. ಒಂದು ಡೊಮೇನ್ (ಒಟ್ಟಿಗೆ ನಿರ್ವಹಿಸುವ ಸರ್ವರ್‌ಗಳ ಗುಂಪು), ಅದರಲ್ಲಿ ಸಾಫ್ಟ್‌ವೇರ್ ಓಡಿಸುವ ಎರಡು ಮ್ಯಾನೇಜ್ಡ್ ಸರ್ವರ್. ಬೆಳಿಗ್ಗೆ ಟೆಂಡರ್ ಹೊತ್ತಿಗೆ ಪುಟ ಹತ್ತು ಸೆಕೆಂಡ್ ಸುತ್ತಿ ಎರರ್ ಕೊಡುತ್ತದೆ. ಸಿಪಿಯು ಶೇ 15 ದಾಟಿಲ್ಲ. ಕನ್ಸೋಲ್‌ನಲ್ಲಿ (ನಿರ್ವಹಣೆಯ ಪುಟ) ಎಲ್ಲಾ ಹಸಿರು. ಎಲ್ಲಿ ನೋಡಲಿ?

ಭದ್ರಾವತಿ: ಹೀಪ್ (ಜಾವಾ ಬಳಸುವ ಮೆಮೊರಿ) ಎಷ್ಟು ಜಿಬಿ ಕೊಡಬೇಕು ಮೇಡಂ?

ಮೇಡಂ: ಭದ್ರಾವತಿಯವರೇ, ಜಿಸಿ ಲಾಗ್ (ಜಾವಾ ಮೆಮೊರಿ ತೆರವು ಮಾಡಿದ ದಾಖಲೆ) ನೋಡದೆ ಹೇಳಲಾಗದು.

ಸಾಗರದವರೇ, ನಿಮ್ಮ ಆ ಹತ್ತು ಸೆಕೆಂಡ್ ನನ್ನನ್ನು ಕಾಡುತ್ತಿದೆ. ಸಿಪಿಯು ಆರಾಮಾಗಿದ್ದೂ ಪುಟ ನಿಧಾನ ಅಂದ್ರೆ ಥ್ರೆಡ್‌ಗಳು (ಒಂದೊಂದು ಕೋರಿಕೆ ನಡೆಸುವ ಎಳೆಗಳು) ಯಾವುದಕ್ಕೋ ಕಾಯುತ್ತಿವೆ. ಪೂಲ್‌ನಲ್ಲಿ (ತೆರೆದಿಟ್ಟ ಕನೆಕ್ಷನ್‌ಗಳ ಸಂಗ್ರಹ) ಡೇಟಾಬೇಸ್ ಕನೆಕ್ಷನ್ ಸಿಗದಿದ್ದರೆ ವೆಬ್‌ಲಾಜಿಕ್ 10 ಸೆಕೆಂಡ್ ಕಾದು ಎರರ್ ಕೊಡುತ್ತದೆ. ನೀವು ಬದಲಿಸದಿದ್ದರೆ ಅದೇ ಡೀಫಾಲ್ಟ್. ಪೂಲ್‌ನ ಗರಿಷ್ಠ ಮಿತಿಯೂ ಸುಮ್ನೆ ಬಿಟ್ಟರೆ 15. ಒಂದು ಥ್ರೆಡ್ ಸ್ಟಕ್ ಆಗಿದೆ ಅಂತ ಗುರುತಿಸಲು ವೆಬ್‌ಲಾಜಿಕ್‌ಗೆ ಡೀಫಾಲ್ಟ್ 600 ಸೆಕೆಂಡ್ ಬೇಕು. ಹತ್ತಕ್ಕೇ ಬಿಡುಗಡೆಯಾಗುವ ಥ್ರೆಡ್ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಅದಕ್ಕೇ ಹಸಿರು.

ಮೊದಲು ಎರಡೂ ಸರ್ವರ್‌ಗಳ ಡೇಟಾ ಸೋರ್ಸ್ (ಪೂಲ್ ಇರುವುದು ಇದರಲ್ಲೇ) ಮಾನಿಟರಿಂಗ್ ಪುಟ ತೆರೆಯಿರಿ. ವೇಟಿಂಗ್ ಫಾರ್ ಕನೆಕ್ಷನ್ ಹೈ ಕೌಂಟ್ ಸೊನ್ನೆಗಿಂತ ಜಾಸ್ತಿ ಇದ್ದರೆ ಯಾರೋ ಸಾಲಿನಲ್ಲಿ ನಿಂತಿದ್ದರು ಅಂತ ಅರ್ಥ. ಮಧ್ಯಾಹ್ನ ಊಟದ ಹೊತ್ತಿಗೆ, ಜನ ಇಲ್ಲದಾಗ, ಆ್ಯಕ್ಟಿವ್ ಕನೆಕ್ಷನ್ ಕರೆಂಟ್ ಕೌಂಟ್ ನೋಡಿ. ಇಳಿದಿದ್ದರೆ ಬೆಳಿಗ್ಗೆಯ ಹೊರೆ ಅಥವಾ ನಿಧಾನದ ಕ್ವೆರಿ. ಇಳಿಯದಿದ್ದರೆ ಸೋರಿಕೆ, ಅಂದ್ರೆ ತೆಗೆದ ಕನೆಕ್ಷನ್ ವಾಪಸ್ ಬಂದಿಲ್ಲ. ಮೆಲ್ಲಗೆ ಕಾದು ನೋಡಬೇಕಾದ ಸಂಗತಿ ಇದು.

ಡಯಾಗ್ನೋಸ್ಟಿಕ್ ಮಾಡ್ಯೂಲ್ (ಅಳತೆಗಳನ್ನು ಆಗಾಗ ದಾಖಲಿಸುವ ವ್ಯವಸ್ಥೆ) ಹಾಕಿದ್ದೀರಾ? ಅದರ ಟಾರ್ಗೆಟ್ ಅಡ್ಮಿನ್ ಸರ್ವರ್ ಮಾತ್ರ ಆಗಿದ್ದರೆ ಮ್ಯಾನೇಜ್ಡ್ ಸರ್ವರ್‌ಗಳ ಅಳತೆ ಸಾಮಾನ್ಯವಾಗಿ ನಿಮಗೆ ಸಿಗುವುದಿಲ್ಲ. ಸ್ಯಾಂಪಲ್ ಅವಧಿ ಡೀಫಾಲ್ಟ್ 5 ನಿಮಿಷ. ನಿಮ್ಮ ತೊಂದರೆ ಮೂರು ನಿಮಿಷದ್ದಾದರೆ ಎರಡು ಸ್ಯಾಂಪಲ್ ನಡುವೆ ಜಾರಿ ಹೋಗುತ್ತದೆ. ಸದ್ಯ 30 ಸೆಕೆಂಡ್ ಇಡಿ.

ತೀರ್ಥಹಳ್ಳಿ: ಇದಕ್ಕೆಲ್ಲ ಇಷ್ಟು ಯಾಕೆ ಮಾರಾಯ್ರೆ? ಬೇರೆ ಗುಂಪಿಂದ ಬಂದದ್ದು ಹಾಕ್ತೀನಿ: "ಪೂಲ್ 200 ಮಾಡಿ, ಹೀಪ್ ಎರಡು ಪಟ್ಟು, ರಾತ್ರಿ 2ಕ್ಕೆ ರೀಸ್ಟಾರ್ಟ್. ಎಲ್ಲಾ ಸಮಸ್ಯೆಗೂ ರಾಮಬಾಣ."

ಮೇಡಂ: ದಯವಿಟ್ಟು ಇದನ್ನು ಮಾಡಬೇಡಿ. ಎರಡು ಸರ್ವರ್‌ಗೆ 200 ಅಂದ್ರೆ ಡೇಟಾಬೇಸ್‌ಗೆ 400 ಸೆಷನ್. ಅದರ ಸ್ವಂತ ಮಿತಿ ಮುಟ್ಟಿದರೆ ಬೇರೆ ಸಾಫ್ಟ್‌ವೇರ್‌ಗಳೂ ನಿಲ್ಲುತ್ತವೆ. ರೀಸ್ಟಾರ್ಟ್ ಮಾಡಿದರೆ ಹೈ ಕೌಂಟ್‌ಗಳೆಲ್ಲ ಸೊನ್ನೆ. ಸಾಕ್ಷಿಯನ್ನೇ ಅಳಿಸಿ ಕಳ್ಳನನ್ನು ಹುಡುಕಿದ ಹಾಗೆ.

ತೀರ್ಥಹಳ್ಳಿ: ನಮ್ಮಲ್ಲಿ ಎರಡು ವರ್ಷದಿಂದ ಹೀಗೇ ನಡೀತಿದೆ.

ಕೊಪ್ಪ: ನಡೀತಿದೆ ಅಂದ್ರೆ ಮುಚ್ಚಿದೆ ಅಂತ. ನೀವು ಒಂದು ಥ್ರೆಡ್ ಡಂಪ್ (ಆ ಕ್ಷಣ ಪ್ರತಿ ಥ್ರೆಡ್ ಏನು ಮಾಡುತ್ತಿದೆ ಎಂಬ ಪಟ್ಟಿ) ಆದರೂ ತೆಗೆದಿದ್ದೀರಾ?

ತೀರ್ಥಹಳ್ಳಿ: ನಾವು ಟೆಂಡರ್ ನಡೆಸೋದೋ, ಡಂಪ್ ಓದುತ್ತಾ ಕೂರೋದೋ? ಮಳೆಗಾಲದಲ್ಲಿ ಕರೆಂಟ್ ಇರೋದೇ ಎರಡು ಗಂಟೆ.

ಕೊಪ್ಪ: ಕರೆಂಟ್‌ಗೂ ಕನೆಕ್ಷನ್ ಸೋರಿಕೆಗೂ ಏನ್ರೀ ಸಂಬಂಧ? ಬೆಳೆಗಾರ ದುಡ್ಡಿಗೆ ಕಾಯ್ತಾ ನಿಂತಿರ್ತಾನೆ.

ಹೊಸನಗರ: ಟಾಮ್‌ಕ್ಯಾಟ್‌ನಲ್ಲಿ (ಇನ್ನೊಂದು ಸರ್ವರ್ ಸಾಫ್ಟ್‌ವೇರ್) ಇದನ್ನೇ ನೋಡೋದು ಹೇಗೆ?

ತೀರ್ಥಹಳ್ಳಿ: ನಿಮಗಿಂತ ಮುಂಚೆ ಈ ಕೆಲಸಕ್ಕೆ ಬಂದವನು ನಾನು. ಪಾಠ ಬೇಡ.

ಭದ್ರಾವತಿ: ಹೀಪ್ 8 ಜಿಬಿ ಸಾಕಾ ಮೇಡಂ?

ಮೇಡಂ: ಮೇಲೆ ಹೇಳಿದ್ದೇನೆ. ಜಿಸಿ ಲಾಗ್ ಹಾಕಿ. ಕೊಪ್ಪ, ತೀರ್ಥಹಳ್ಳಿ, ಇಬ್ಬರೂ ನಿಲ್ಲಿಸಿ.

ಸಾಗರ: ಮೇಡಂ, ಈಗ ಎರಡೂವರೆ. ಯಾರೂ ಒಳಗಿಲ್ಲ. ಮೊದಲ ಸರ್ವರ್‌ನಲ್ಲಿ ಆ್ಯಕ್ಟಿವ್ 3. ಎರಡನೆಯದರಲ್ಲಿ 14.

ಮೇಡಂ: ಹದಿನಾಲ್ಕು ಕನೆಕ್ಷನ್ ಯಾರೋ ತೆಗೆದುಕೊಂಡು ವಾಪಸ್ ಕೊಟ್ಟಿಲ್ಲ. ಮಿತಿ 15 ಆಗಿದ್ದರೆ ಒಂದೇ ಒಂದು ಉಳಿದಿದೆ. ಜೆಸ್ಟ್ಯಾಕ್‌ನಿಂದ (ಜಾವಾದ ಉಪಕರಣ) ಹತ್ತು ಸೆಕೆಂಡ್ ಅಂತರದಲ್ಲಿ ಮೂರು ಥ್ರೆಡ್ ಡಂಪ್ ತೆಗೆಯಿರಿ. ಯಾವ ಥ್ರೆಡ್ಡೂ ಡೇಟಾಬೇಸ್ ಕೆಲಸದಲ್ಲಿ ಇಲ್ಲದಿದ್ದರೆ ಸೋರಿಕೆ ಖಚಿತ. ಆಮೇಲೆ ಆ ಡೇಟಾ ಸೋರ್ಸ್‌ನಲ್ಲಿ ಕನೆಕ್ಷನ್ ಲೀಕ್ ಪ್ರೊಫೈಲ್ ಆನ್ ಮಾಡಿ, ಇನ್ಆ್ಯಕ್ಟಿವ್ ಕನೆಕ್ಷನ್ ಟೈಮ್‌ಔಟ್ 300 ಸೆಕೆಂಡ್ ಇಡಿ. ಕನೆಕ್ಷನ್ ತೆಗೆದ ಕೋಡ್ ಯಾವುದು ಅಂತ ಲಾಗ್‌ನಲ್ಲಿ ಸಿಗುತ್ತದೆ. ಎರಡನೇ ಸರ್ವರ್‌ನಲ್ಲಿ ಮಾತ್ರ ನಡೆಯುವ ಕೆಲಸ ಏನಿದೆ?

ಸಾಗರ: ರಸೀದಿ ಪ್ರಿಂಟ್ ಮೇಡಂ. ಆದರೆ ರಾತ್ರಿ ರೀಸ್ಟಾರ್ಟ್ ಆಗುವಂತೆ ಕ್ರಾನ್ (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸ) ಹಾಕಿದ್ದಾರೆ.

ಮೇಡಂ: ಇವತ್ತು ಅದನ್ನು ನಿಲ್ಲಿಸಿ. ಮೊದಲು ಡಂಪ್.