ಪದಚರ್ಚೆ: ರೀಫ್ ಟ್ಯಾಂಕಿನ ‘ಡ್ರೈನ್’ ಸಪ್ಪಳಕ್ಕೆ ಕನ್ನಡದಲ್ಲಿ ಏನೆನ್ನೋಣ?

ಬಳ್ಳಾರಿಯಿಂದ ಪ್ರಶ್ನೆ:

ನಮಸ್ಕಾರ. ಮನೆಯಲ್ಲಿ ಹವಳ ಸಾಕುವ ಉಪ್ಪುನೀರಿನ ತೊಟ್ಟಿ, ಅಂದರೆ ರೀಫ್ ಟ್ಯಾಂಕ್ ಇಟ್ಟವರಿಗಾಗಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಮೇಲಿನ ತೊಟ್ಟಿಯ ನೀರು ಗಾಜಿನ ಅಂಚು ದಾಟಿ ಮೂಲೆಯ ಗೂಡಿಗೆ ಬೀಳುತ್ತದೆ, ಅಲ್ಲಿಂದ ಪೈಪಿನಲ್ಲಿ ಇಳಿದು ಕೆಳಗಿನ ಸಂಪು ಸೇರುತ್ತದೆ, ಪಂಪು ಅದನ್ನು ಮತ್ತೆ ಮೇಲಕ್ಕೆತ್ತುತ್ತದೆ. ರಾತ್ರಿ ನಿದ್ದೆ ಕೆಡಿಸುವುದು ಈ ಇಳಿಯುವ ಪೈಪಿನ ಸಪ್ಪಳವೇ. ಅದನ್ನು ಅಡಗಿಸುವ ಅಧ್ಯಾಯಕ್ಕೆ ಬಂದು ಪದಗಳು ಕೈಕೊಟ್ಟಿವೆ.

‘ಡ್ರೈನ್’ಗೆ ನಿಘಂಟಿನಲ್ಲಿ ಸಿಗುವುದು ಚರಂಡಿ, ಮೋರಿ, ಬಚ್ಚಲು. ಮೂರೂ ಮನಸ್ಸಿಗೆ ಒಪ್ಪುತ್ತಿಲ್ಲ. ನೀರು ಅಂಚು ದಾಟುವ ಜಾಗಕ್ಕೆ ‘ಕೋಡಿ’ ಅನ್ನಬಹುದೇ? ಪೈಪು ಪೂರ್ತಿ ತುಂಬಿ ನೀರು ತಾನಾಗಿ ಇಳಿಯುವ ‘ಸೈಫನ್’ಗೆ ‘ಹೀರುಗೊಳವೆ’ ಸರಿಯೇ? ಇನ್ನು ಇಂಗ್ಲಿಷಿನವರು ‘ಗರ್ಗಲ್’ ಅಂದು ಮುಗಿಸುವ ಕಡೆಯೆಲ್ಲ ಕರಡಿನಲ್ಲಿ ‘ಗುಳುಗುಳು’ ಎಂದು ಬಿದ್ದಿದೆ. ಕರಡು ಓದಿದವರು ಮಾತ್ರ, “ನಮ್ದು ಗುಳುಗುಳು ಅಲ್ರೀ, ಅದು ಬ್ಯಾರೆ ಥರ ಐತಿ” ಅನ್ನುತ್ತಿದ್ದಾರೆ.

ಗಂಗಾವತಿಯಿಂದ ಉತ್ತರ:

ಓದಿದವರ ಮಾತೇ ಸರಿ. ಸಪ್ಪಳ ಯಾವುದು ಅನ್ನುವುದರಲ್ಲೇ ತೊಂದರೆ ಎಲ್ಲಿದೆ ಅನ್ನುವುದೂ ಇದೆ. ಎಲ್ಲಕ್ಕೂ ಒಂದೇ ಪದ ಹಾಕಿದರೆ ಓದುಗ ತಪ್ಪು ಪೈಪಿಗೆ ಕೈ ಹಾಕುತ್ತಾನೆ. ಕನ್ನಡದ ಅನುಕರಣ ಪದಗಳು ಈ ವಿಷಯದಲ್ಲಿ ಇಂಗ್ಲಿಷಿಗಿಂತ ಚುರುಕು.

‘ಗುಳುಗುಳು’ ಅನ್ನುವುದನ್ನು ಪೈಪಿನ ಒಳಗೆ ನೀರೂ ಗಾಳಿಯೂ ಬೆರೆತು ಇಳಿಯುವ ಸಪ್ಪಳಕ್ಕೆ ಮಾತ್ರ ಇಟ್ಟುಕೊಳ್ಳಿ. ಹುಕ್ಕಾಕ್ಕೆ ಗುಡುಗುಡಿ ಎಂಬ ಹೆಸರು ಬಂದದ್ದೂ ನೀರೊಳಗೆ ಗಾಳಿ ಹಾಯುವ ಇದೇ ಸದ್ದಿನಿಂದ. ಪೈಪು ಅರೆಬರೆ ತುಂಬಿದಾಗ ಇದು ಹುಟ್ಟುತ್ತದೆ. ಇದಕ್ಕೆ ಎರಡು ದಾರಿ. ಒಂದು, ಪೈಪನ್ನು ಪೂರ್ತಿ ತುಂಬಿಸಿ ಗಾಳಿಗೆ ಜಾಗವೇ ಇಲ್ಲದಂತೆ ಮಾಡುವುದು, ಅಂದರೆ ಪೂರ್ಣ ಸೈಫನ್. ಇನ್ನೊಂದು, ಗಾಳಿಗೆ ಬೇರೆ ದಾರಿ ಕೊಟ್ಟು ನೀರು ಪೈಪಿನ ಗೋಡೆ ಹಿಡಿದು ಇಳಿಯುವಂತೆ ಮಾಡುವುದು. ‘ಡರ್ಸೋ’ ಪೈಪಿನ ಮರ್ಮ ಇದೇ: ನಿಂತ ಪೈಪಿನ ತಲೆಗೆ ಮೂರು ಬಾಯಿಯ ಟೀ, ಟೀಯ ಪಕ್ಕದ ಬಾಯಿಗೆ ಕೆಳಮುಖದ ಎಲ್ಬೋ, ಮೇಲಿನ ಬಾಯಿಗೆ ಎಂಡ್ ಕ್ಯಾಪ್, ಕ್ಯಾಪಿನಲ್ಲಿ ಒಂದು ಸಣ್ಣ ತೂತು. ಆ ಕ್ಯಾಪಿಗೆ ಪೈಪು ಅಂಟಿಸುವ ಸಲ್ಯೂಷನ್ ಹಚ್ಚಬೇಡಿ ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿ ಹಾಕಿ. ತೂತಿನ ಅಳತೆ ಒಂದೇ ಸಲಕ್ಕೆ ಕೂಡಿಬರುವುದಿಲ್ಲ, ಎರಡು ಮೂರು ಕ್ಯಾಪು ಹಾಳಾದರೂ ಆಶ್ಚರ್ಯವಿಲ್ಲ.

ತೂತು ಕಿರಿದಾದರೆ ಬೇರೆಯೇ ಸಪ್ಪಳ. ಗೂಡಿನಲ್ಲಿ ನೀರು ಏರುತ್ತದೆ, ಪೈಪು ತುಂಬಿ ಸೈಫನ್ ಹಿಡಿಯುತ್ತದೆ, ಗೂಡು ಒಮ್ಮೆಲೆ ಖಾಲಿಯಾಗಿ ಗಾಳಿ ಎಳೆದುಕೊಂಡು ‘ಗೊಳಕ್’ ಎಂದು ಸೈಫನ್ ಮುರಿಯುತ್ತದೆ, ಮತ್ತೆ ನೀರು ಏರುತ್ತದೆ. ಒಂದೆರಡು ನಿಮಿಷಕ್ಕೊಮ್ಮೆ ಸಂಡಾಸಿನ ಫ್ಲಶ್ ಎಳೆದಂತೆ ಕೇಳಿಸುವುದು ಇದು. ಇದಕ್ಕೆ ‘ಗೊಳಕ್ಕನೆ’ ಎಂಬ ಒಂಟಿ ಪದವೇ ಸೂಕ್ತ, ಜೋಡಿಪದ ಬೇಡ. ಬಿಟ್ಟುಬಿಟ್ಟು ಬರುವ ಸಪ್ಪಳವನ್ನು ಬಿಡದೆ ಬರುವ ಸಪ್ಪಳದಿಂದ ಬೇರೆ ಮಾಡುವುದು ಆ ಒಂಟಿತನವೇ. ಪರಿಹಾರ: 3 ಮಿ.ಮೀ. ತೂತಿನಿಂದ ಶುರುಮಾಡಿ ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುತ್ತ ಹೋಗುವುದು. ಮೊದಲು ಸರಿಯಿದ್ದು ಕೆಲವು ವಾರದ ಮೇಲೆ ಗೊಳಕ್ ಶುರುವಾದರೆ ಡ್ರಿಲ್ ಮುಟ್ಟಬೇಡಿ. ತೂತಿಗೆ ಉಪ್ಪು ಕಟ್ಟಿರುತ್ತದೆ, ಬಿಸಿನೀರಲ್ಲಿ ತೊಳೆದರೆ ಸಾಕು.

‘ಸೊರ್’ ಅನ್ನುವುದು ಪೈಪಿನ ಬಾಯಲ್ಲಿ ಸುಳಿ ಬಿದ್ದಾಗಿನ ಸದ್ದು. ‘ವೋರ್ಟೆಕ್ಸ್’ ಬರೆಯುವ ಅಗತ್ಯವೇ ಇಲ್ಲ. ಆನೆಗುಂದಿಯಲ್ಲಿ ಹರಿಗೋಲು ಹಾಕುವವರ ಬಾಯಲ್ಲೂ ಅದು ಸುಳಿಯೇ. ಬಾಯಿಯ ಮೇಲೆ ನಾಲ್ಕೈದು ಬೆರಳು ನೀರು ನಿಂತರೆ ಅಥವಾ ಬಾಯಿಯನ್ನು ಕೆಳಮುಖ ಮಾಡಿದರೆ ಸುಳಿ ಕಟ್ಟುವುದು ಕಷ್ಟ. ಗಾಜಿನ ಅಂಚಿನಿಂದ ಗೂಡಿಗೆ ನೀರು ಬೀಳುವುದು ‘ಧೋ’. ಅದು ಬೀಳುವ ಎತ್ತರದ ಸಮಸ್ಯೆ: ಗೂಡಿನ ನೀರನ್ನು ಅಂಚಿನಿಂದ 5 ಸೆಂ.ಮೀ. ಕೆಳಗಿನವರೆಗೆ ಏರಿಸಿದರೆ ಜುಳುಜುಳುಗೆ ಇಳಿಯುತ್ತದೆ.

ಸಂಪಿನ ಕಡೆಯ ಸಪ್ಪಳ ‘ಬುಳುಬುಳು’. ಪೈಪಿನ ತುದಿ ನೀರಿನಿಂದ ಮೇಲಿದ್ದರೆ ಚಿಮ್ಮುತ್ತದೆ, ಉಪ್ಪು ಹಾರಿ ಸ್ಟ್ಯಾಂಡಿಗೆಲ್ಲ ಕೂರುತ್ತದೆ. ತೀರ ಆಳಕ್ಕೆ ಇಳಿಸಿದರೆ ಒಳಗಿನ ಗಾಳಿಗೆ ಹೊರಬರಲು ಆಗದೆ ಸೈಫನ್ ಹಿಡಿಯುವುದೇ ಇಲ್ಲ, ತೇಗಿದಂತೆ ಬುಳಕ್ ಬುಳಕ್ ಅನ್ನುತ್ತಿರುತ್ತದೆ. 2ರಿಂದ 3 ಸೆಂ.ಮೀ. ಮುಳುಗಿದ್ದರೆ ಹದ. ಅಂದಹಾಗೆ ‘ಸಂಪು’ ಬಿಡಿಸಲಾಗದಷ್ಟು ಕನ್ನಡವಾಗಿದೆ, ಹಾಗೇ ಇಟ್ಟುಕೊಳ್ಳಿ. ಆದರೆ ‘ನೀರು ಸಂಪಿಗೆ ಬೀಳುತ್ತದೆ’ ಎಂದು ಬರೆದರೆ ಯಾರಾದರೂ ಹೂವು ಹುಡುಕಿಯಾರು, ‘ಸಂಪಿನೊಳಗೆ’ ಅಂದರೆ ಕ್ಷೇಮ.

‘ಚರಂಡಿ’ ಖಂಡಿತ ಬೇಡ. ಚರಂಡಿಗೆ ಹೋದ ನೀರು ವಾಪಸು ಬರುವುದಿಲ್ಲ, ಇದು ಗಂಟೆಗೆ ಹಲವು ಸಲ ತಿರುಗುವ ನೀರು. ‘ಇಳಿಗೊಳವೆ’, ‘ಏರುಗೊಳವೆ’ ಅಂದರೆ ಅರ್ಥ ತಾನಾಗಿ ತೆರೆಯುತ್ತದೆ. ಮಳೆಗಾಲ, ಹುಲ್ಲುಗಾವಲಿನ ಹಾಗೆ ಆದೇಶ ಸಂಧಿ, ಕಕಾರಕ್ಕೆ ಗಕಾರ. ‘ಹೀರುಗೊಳವೆ’ಗೆ ತಕರಾರಿದೆ. ಸೈಫನ್ ಹೀರುವುದಿಲ್ಲ. ಕೆಳಗಿನ ನೀರಿನ ಭಾರಕ್ಕೆ ಪೈಪಿನ ನೀರೆಲ್ಲ ಒಟ್ಟಾಗಿ ಇಳಿಯುತ್ತದೆ, ಅಷ್ಟೆ. ತುಂಗಭದ್ರಾ ನಾಲೆಯ ಬಯಲಿನಲ್ಲಿ ‘ಸೈಫನ್’ ರೈತರಿಗೂ ಗೊತ್ತಿರುವ ಪದ, ಅದನ್ನೇ ಬಿಡಿ. ಒಂದು ಟಿಪ್ಪಣಿ ಮಾತ್ರ ಬೇಕು: ಹಳ್ಳದ ಅಡಿಯಿಂದ ನಾಲೆ ದಾಟಿಸುವ ಕಟ್ಟಡಕ್ಕೆ ಇಲ್ಲಿ ಸೈಫನ್ ಅನ್ನುತ್ತಾರಲ್ಲ, ಅದು ತಲೆಕೆಳಗಾದದ್ದು. ತೊಟ್ಟಿಯ ಸೈಫನ್ನಿನ ಹಾಗೆ ಗಾಳಿ ಸೇರಿದರೆ ಅದು ಮುರಿಯುವುದಿಲ್ಲ.

ಕ್ರಿಯಾಪದಕ್ಕೆ ಪಂಪ್‌ಸೆಟ್ಟಿನವರ ಮಾತು ಕೈಗೆ ಸಿದ್ಧವಾಗಿದೆ: ‘ಏರ್ ಹಿಡಿದಿದೆ’. ಫುಟ್‌ವಾಲ್ವ್ ಸೋರಿ ಪಂಪು ನೀರೆತ್ತದೆ ನಿಂತಾಗ ಹೊಲದಲ್ಲಿ ಹೇಳುವ ಅದೇ ಮಾತು ಇಲ್ಲೂ ಹೊಂದುತ್ತದೆ. ಕರೆಂಟು ಹೋಗಿ ಬಂದ ಮೇಲೆ ಒಂದೆರಡು ನಿಮಿಷ ಇಳಿಗೊಳವೆ ಗುಳುಗುಳು ಅಂದರೆ ಗಾಬರಿ ಬೇಡ, ಏರ್ ಬಿಡಬೇಕು. ಹತ್ತು ನಿಮಿಷವಾದರೂ ಬಿಡದಿದ್ದರೆ ತುದಿಯ ಆಳ ನೋಡಿ.

ರಾಯಚೂರಿನಿಂದ, ಚಿಕ್ಕದು:

ಪೂರ್ಣ ಸೈಫನ್ನಿನಲ್ಲಿ ಇಳಿಯುವ ನೀರನ್ನು ಹದ ಮಾಡುವ ‘ಗೇಟ್ ವಾಲ್ವ್’ ಬಗ್ಗೆ ಯಾರೂ ಹೇಳಿಲ್ಲ. ಬಾಲ್ ವಾಲ್ವ್ ಕಾಲು ಸುತ್ತಿಗೇ ಪೂರ್ತಿ ಮುಚ್ಚುತ್ತದೆ, ಅದರಲ್ಲಿ ಸೈಫನ್ ಹದ ಮಾಡಲು ಹೋದರೆ ಕೂದಲೆಳೆ ಆಚೀಚೆಗೆ ಎಲ್ಲ ಕೆಡುತ್ತದೆ. ಗೇಟ್ ವಾಲ್ವ್ ಹಲವು ಸುತ್ತು ತಿರುಗುತ್ತದೆ, ಒಳಗಿನ ತಗಡು ಡ್ಯಾಮಿನ ಕ್ರಸ್ಟ್ ಗೇಟಿನಂತೆ ಮೇಲೆ ಕೆಳಗೆ ಸರಿಯುತ್ತದೆ. ಕಾಲು ಸುತ್ತು ತಿರುಗಿಸಿ 10-15 ನಿಮಿಷ ಕಾಯಬೇಕು, ಆಮೇಲೆ ಇನ್ನೊಂದು ಕಾಲು.

ಪದದ ವಿಷಯಕ್ಕೆ ಬಂದರೆ, ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ‘ಗೇಟ್ ವಾಲ್ವ್ ಕೊಡ್ರಿ’ ಅಂದರೆ ಕೈಗೆ ಬರುವುದು ಹಿತ್ತಾಳೆಯದು. ಹಿತ್ತಾಳೆಯಲ್ಲಿ ತಾಮ್ರವಿದೆ. ಉಪ್ಪುನೀರಿಗೆ ತಾಮ್ರ ಬಿಟ್ಟುಕೊಂಡರೆ ಹವಳ, ಸೀಗಡಿ, ಬಸವನಹುಳು ಎಲ್ಲಕ್ಕೂ ವಿಷ. ಕೈಪಿಡಿಯಲ್ಲಿ ಪ್ರತಿ ಸಲವೂ ‘ಪಿವಿಸಿ ಗೇಟ್ ವಾಲ್ವ್’ ಎಂದು ಪೂರ್ತಿ ಬರೆಯಿರಿ, ಮೊಟಕು ಮಾಡಬೇಡಿ. ಗಾಜಿನ ತೂತಿಗೆ ಹಾಕುವ ‘ಬಲ್ಕ್‌ಹೆಡ್’ ಅಂಗಡಿಯವರಿಗೆ ಅರ್ಥವಾಗದಿದ್ದರೆ ‘ಟ್ಯಾಂಕ್ ನಿಪ್ಪಲ್’ ಅನ್ನಿ, ವಾಷರ್ ರಬ್ಬರಿನದೇ ಇದೆಯೇ ನೋಡಿಕೊಳ್ಳಿ.

ಸಿಂಧನೂರಿನಿಂದ:

ಸಪ್ಪಳಗಳ ಹಂಚಿಕೆ ಒಪ್ಪಿಗೆ. ‘ಕೋಡಿ’ಯ ಬಗ್ಗೆ ಗಂಗಾವತಿಯವರು ಮಾತೆತ್ತಲಿಲ್ಲ, ಅದು ಅಷ್ಟು ಸಲೀಸಲ್ಲ. ಆಕಾರ ನೋಡಿದರೆ ಗಾಜಿನ ಅಂಚು ಕೋಡಿಯೇ. ಆದರೆ ಕೆರೆಯಲ್ಲಿ ದಿನನಿತ್ಯದ ನೀರು ಬಿಡುವುದು ತೂಬು, ಹೆಚ್ಚಾದ ನೀರು ಮಾತ್ರ ಕೋಡಿಯಲ್ಲಿ ಹೋಗುತ್ತದೆ. ‘ಕೆರೆ ಕೋಡಿ ಬಿತ್ತು’ ಎಂಬ ಮಾತಿನಲ್ಲೇ ಮಿತಿ ಮೀರಿತು ಅನ್ನುವ ಸೂಚನೆ ಇದೆ. ತೊಟ್ಟಿಯ ಅಂಚಿನಲ್ಲಿ ನೀರು ಹಗಲೂ ರಾತ್ರಿ ದಾಟುತ್ತಲೇ ಇರಬೇಕು. ಅದಕ್ಕೆ ‘ಅಂಚು’ ಸಾಕು, ಹಲ್ಲುಗಳಿದ್ದರೆ ‘ಹಲ್ಲಂಚು’.

ವಾಲ್ವ್ ಇರುವ ಮುಖ್ಯ ಇಳಿಗೊಳವೆಯೇ ತೂಬು. ತೆರೆದಷ್ಟು ನೀರು, ಮುಚ್ಚಿದಷ್ಟು ತಡೆ. ‘ಹರ್ಬಿ’ ವಿಧಾನದಲ್ಲಿ ತೂಬು ಒಂದು, ಅದರ ಪಕ್ಕ ಸ್ವಲ್ಪ ಎತ್ತರಕ್ಕೆ ಖಾಲಿ ಪೈಪು ಒಂದು. ‘ಬೀನ್ ಅನಿಮಲ್’ ವಿಧಾನದಲ್ಲಿ ಮೂರು: ತೂಬು, ಸಣ್ಣಗೆ ನೀರು ಜಿನುಗಿಸುವ ಡರ್ಸೋ ಮಾದರಿಯದೊಂದು, ಮತ್ತೆ ಆ ಖಾಲಿ ಪೈಪು. ಕೋಡಿ ಎಂಬ ಹೆಸರು ಸಲ್ಲಬೇಕಾದ್ದು ಈ ಖಾಲಿ ಪೈಪಿಗೆ. ‘ತುರ್ತುಗೊಳವೆ’ ಅನ್ನಬಹುದಿತ್ತು, ಆದರೆ ಈ ಸೀಮೆಯಲ್ಲಿ ಹಂಪಿಯ ತುರ್ತು ಕಾಲುವೆ ನೆನಪಾಗುತ್ತದೆ. ಅದು ಹೊಲಗದ್ದೆಗೆ ನೀರುಣಿಸುವ ಕಾಲುವೆ, ಆಪತ್ತಿಗೆ ಕಾದಿಟ್ಟದ್ದಲ್ಲ.

ಕೋಡಿಪೈಪಿಗೆ ವಾಲ್ವ್ ಹಾಕಬಾರದು. ಪಂಪಿನ ಪೂರ್ತಿ ನೀರನ್ನು ಅದೊಂದೇ ಇಳಿಸುವಂತಿರಬೇಕು. ಹೀಗಿದೆಯೇ ಎಂದು ನೋಡಲು ತೂಬಿನ ವಾಲ್ವ್ ಪೂರ್ತಿ ಮುಚ್ಚಿ ಐದು ನಿಮಿಷ ಪಂಪು ನಡೆಸಿ, ತೊಟ್ಟಿ ತುಳುಕಬಾರದು. ಅಂದಾಜಿಗೆ ಹೇಳುವುದಾದರೆ, ಒಂದಿಂಚಿನ ಪೈಪು ಪೂರ್ಣ ಸೈಫನ್ನಿನಲ್ಲಿ 60-70 ಸೆಂ.ಮೀ. ಇಳಿತಕ್ಕೆ ಗಂಟೆಗೆ ಸುಮಾರು 2,500ರಿಂದ 3,000 ಲೀಟರ್ ಸಾಗಿಸುತ್ತದೆ. ಅದೇ ಪೈಪಿನಲ್ಲಿ ಗಾಳಿ ಬೆರೆತರೆ ಅದರ ಅರ್ಧವೂ ಇಳಿಯುವುದಿಲ್ಲ. ಹಾಗಾಗಿ ಕೋಡಿಯ ಪೈಪು ತೂಬಿಗಿಂತ ಒಂದು ಅಳತೆ ದಪ್ಪ ಇದ್ದರೆ ನೆಮ್ಮದಿ, ಒಂದಿಂಚಿಗೆ ಒಂದೂಕಾಲು.

ಕೈಪಿಡಿಯ ಅಧ್ಯಾಯಕ್ಕೆ ‘ಇಳಿಗೊಳವೆಗಳ ಸದ್ದಡಗಿಸುವುದು’ ಎಂದು ಬಹುವಚನ ಹಾಕಿದ್ದರೆ ತಿದ್ದಿ. ಕೋಡಿಪೈಪಿನ ತುದಿಯನ್ನು ಸಂಪಿನ ನೀರಿಗೆ ಮುಳುಗಿಸದೆ ಎರಡು ಇಂಚು ಮೇಲೇ ಬಿಡಬೇಕು. ತೂಬಿಗೆ ಬಸವನಹುಳು ಸಿಕ್ಕಿಕೊಂಡೋ ಪಾಚಿ ಕಟ್ಟಿಯೋ ನೀರು ಕೋಡಿ ಬಿದ್ದರೆ ಅದು ಧೋ ಎಂದು ಮನೆಮಂದಿಯನ್ನೆಲ್ಲ ಎಬ್ಬಿಸಲಿ.