ಕೈ ಕಟ್ಟಿಕೊಂಡು ಓಡುವ ಕಲೆ

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತ ಬೆಳಗಿನ ಆರು ಗಂಟೆಗೆ ಓಡುವವರಲ್ಲಿ ಹಲವು ಬಗೆಯವರಿದ್ದಾರೆ: ಓಡುತ್ತಿದ್ದೇವೆಂದು ತಾವೇ ನಂಬಿಕೊಂಡು ನಡೆಯುವವರು, ನಾಯಿಯನ್ನು ಓಡಿಸಲು ಬಂದು ನಾಯಿಯಿಂದ ಓಡಿಸಿಕೊಳ್ಳುವವರು, ಫೋಟೋ ತೆಗೆಯುವಾಗ ಮಾತ್ರ ಓಡುವವರು. ಆದರೆ ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡಲಾಗಿ ಕಟ್ಟಿಕೊಂಡು, ಕದ್ದ ಕೋಳಿಯನ್ನು ಸೆರಗಿನೊಳಗೆ ಅಡಗಿಸಿಕೊಂಡವಳಂತೆ ಓಡುವವಳು ಇಡೀ ಕೆರೆಗೆ ನೀನೊಬ್ಬಳೇ ಎಂದು ನಮ್ಮ ಗುಂಪಿನ ಗಣಿತದ ಮೇಡಂ ಕಳೆದ ಭಾನುವಾರ ಕಲ್ಲುಬೆಂಚಿನ ಮೇಲೆ ಕುಳಿತು ಘೋಷಿಸಿದಳು.

ಚಳಿಯಾಗುತ್ತದೆ ಎಂದು ನಾನು ಹೇಳಿದೆ. ಏಪ್ರಿಲ್ ತಿಂಗಳಿನಲ್ಲಿ ಹಾಗೆ ಹೇಳಿದ್ದು ತಪ್ಪಾಯಿತು. ಮೇಡಂ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ನನ್ನ ಹಣೆಯಿಂದ ಇಳಿಯುತ್ತಿದ್ದ ಬೆವರಿನ ಧಾರೆಯನ್ನು ಕಾಪಿ ಹೊಡೆದ ಉತ್ತರಪತ್ರಿಕೆಯನ್ನು ನೋಡುವಂತೆ ನೋಡಿದಳು. ನಾನು ಒಪ್ಪಿಕೊಳ್ಳಲೇಬೇಕಾಯಿತು. ನನ್ನ ಎದೆಯ ಗಾತ್ರ ದೊಡ್ಡದು, ಓಡಿದರೆ ನೋಯುತ್ತದೆ, ನೋವಿಗಿಂತ ಹೆಚ್ಚಾಗಿ ಎದುರಿನಿಂದ ಬರುವವರ ಕಣ್ಣು ಚುಚ್ಚುತ್ತದೆ, ಆದ್ದರಿಂದ ಕೈ ಕಟ್ಟಿಕೊಳ್ಳುತ್ತೇನೆ ಎಂದೆ.

ಬೆಂಚಿನ ಮೇಲೆ ಸ್ವಲ್ಪ ಹೊತ್ತು ಮೌನ ನೆಲೆಸಿತು. ನಾವು ನಾಲ್ವರು ಹನ್ನೊಂದು ವರ್ಷಗಳಿಂದ ಇಲ್ಲಿ ಕೂಡುತ್ತಿದ್ದೇವೆ. ಮಂಡಿನೋವು, ಗ್ಯಾಸು, ಗಂಡಂದಿರ ಗೊರಕೆ, ಪಾದದ ಆಣಿ ಎಲ್ಲವನ್ನೂ ಕೂಲಂಕಷವಾಗಿ ಚರ್ಚಿಸಿದ್ದೇವೆ. ಆದರೆ ಕುತ್ತಿಗೆಗೂ ಹೊಟ್ಟೆಗೂ ನಡುವಿನ ಪ್ರದೇಶ ನಮ್ಮ ಹರಟೆಯ ಭೂಪಟದಲ್ಲಿ ಇದುವರೆಗೆ ಇರಲೇ ಇಲ್ಲ.

ಮೌನ ಮುರಿದವರು ಧಾರವಾಡದ ಅಕ್ಕ. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದ ಅವರು ಯಾವ ಖಾತೆಯನ್ನು ತೆರೆಯಲೂ ಅಂಜುವವರಲ್ಲ. "ಅಲ್ಲವಾ, ಇದಕ್ಕೆ ನೀನು ಇದುವರೆಗೆ ಏನು ಉಪಾಯ ಮಾಡಿದ್ದೀ ಎಂಬುದನ್ನು ಮೊದಲು ಹೇಳು" ಎಂದರು.

ಮಾಡಿದ ಉಪಾಯಗಳು ಒಂದೆರಡಲ್ಲ. ಮೊದಲು ದುಪಟ್ಟಾವನ್ನು ಎದೆಯ ಮೇಲೆ ಅಡ್ಡಹಾಯಿಸಿ ಸೊಂಟಕ್ಕೆ ಬಿಗಿದು, ಯಕ್ಷಗಾನದ ವೇಷಧಾರಿಯಂತೆ ಓಡಿದ್ದಾಯಿತು. ಬಳಿಕ ಒಂದರ ಮೇಲೊಂದರಂತೆ ಎರಡು ಬ್ರಾಗಳನ್ನು ತೊಟ್ಟು, ಮೇಲೆ ಗಂಡನ ಅಂಗಿ ಹಾಕಿಕೊಂಡದ್ದಾಯಿತು. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಎದೆ ಅಲುಗುವುದು ನಿಂತಿತ್ತು, ಉಸಿರೂ ಹೆಚ್ಚುಕಡಿಮೆ ನಿಂತಿತ್ತು. ಕೊನೆಗೆ ತಲೆಯ ಮೇಲಿನಿಂದ ಎಳೆದುಕೊಳ್ಳುವ ಸ್ಪೋರ್ಟ್ಸ್ ಬ್ರಾ ಒಂದನ್ನು ಕೊಂಡೆ. ಅದನ್ನು ಹಾಕಿಕೊಳ್ಳುವುದು ಹೇಗೋ ಸಾಧ್ಯವಾಯಿತು. ಬೆವರಿನಿಂದ ತೊಯ್ದು ಮನೆಗೆ ಬಂದು ತೆಗೆಯಹೊರಟಾಗ ಅದು ಹಗ್ಗದಂತೆ ಸುರುಳಿಸುತ್ತಿ ಕಂಕುಳಿನ ಮಟ್ಟದಲ್ಲಿ ಸಿಕ್ಕಿಕೊಂಡಿತು. ಎರಡೂ ಕೈಗಳು ಮೇಲಕ್ಕೆ, ಮುಖ ಬಟ್ಟೆಯೊಳಗೆ. ಪೊಲೀಸರಿಗೆ ಶರಣಾದ ಕಳ್ಳನ ಭಂಗಿ. ಕಾಲಿನಿಂದ ಬಾಗಿಲು ಒದ್ದು ಅತ್ತೆಯನ್ನು ಕರೆದೆ. ಎಪ್ಪತ್ತಾರು ವರ್ಷದ ಅತ್ತೆ ಬಂದು, ದಿಂಬಿನ ಗವಸು ಕಳಚುವಂತೆ ಎರಡು ಬಾರಿ ಜಗ್ಗಿ, ಮೂರನೆಯ ಬಾರಿ ಗೋಡೆಗೆ ಕಾಲು ಕೊಟ್ಟು ಎಳೆದು, ಕೈಗೆ ಬಂದ ಒದ್ದೆ ಮುದ್ದೆಯನ್ನು ಬೆಳಕಿಗೆ ಹಿಡಿದು ನೋಡಿ, "ಇದನ್ನು ನೀನು ಹಾಕಿಕೊಂಡಿದ್ದೆಯೋ, ಇದು ನಿನ್ನನ್ನು ಹಾಕಿಕೊಂಡಿತ್ತೋ?" ಎಂದು ಕೇಳಿದರು.

ನಗು ನಿಲ್ಲುವವರೆಗೂ ಕಾದಿದ್ದ ನಮ್ಮ ಫಿಸಿಯೋಥೆರಪಿಸ್ಟ್ ಗೆಳತಿ ಆಗ ಬಾಯಿ ತೆರೆದಳು. ಅವಳು ಹೇಳಿದ ಮೊದಲ ಸಂಗತಿ ನನಗೆ ಗೊತ್ತೇ ಇರಲಿಲ್ಲ: ಸ್ತನದೊಳಗೆ ಅದನ್ನು ಎತ್ತಿ ಹಿಡಿಯುವ ಸ್ನಾಯುವೇ ಇಲ್ಲವಂತೆ. ಸ್ನಾಯು ಇರುವುದು ಅದರ ಹಿಂದೆ, ಪಕ್ಕೆಲುಬಿನ ಮೇಲೆ. ಸ್ತನವನ್ನು ಹಿಡಿದಿರುವುದು ಚರ್ಮ ಮತ್ತು ಒಳಗಿನ ತೆಳುವಾದ ನಾರುಗಳು ಮಾತ್ರ. 1840ರಲ್ಲಿ ಅವುಗಳನ್ನು ವಿವರಿಸಿದ ಆಸ್ಟ್ಲಿ ಕೂಪರ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯನ ಹೆಸರಿನಲ್ಲೇ ಅವನ್ನು ಕೂಪರನ ತಂತುಗಳು ಎನ್ನುತ್ತಾರೆ. "ಆದ್ದರಿಂದ ಡಂಬೆಲ್ ಎತ್ತಿ ಗಟ್ಟಿ ಮಾಡಿಕೊಳ್ಳುತ್ತೇನೆ ಎಂಬ ಆಸೆ ಬೇಡ. ಅದು ಮಡಕೆಯನ್ನು ಗಟ್ಟಿ ಮಾಡಲು ಗೋಡೆಗೆ ಗಾರೆ ಬಳಿದಂತೆ" ಎಂದಳು. ಓಡುವಾಗ ಸ್ತನ ಮೇಲೆ ಕೆಳಗೆ ಮಾತ್ರ ಹೋಗುವುದಿಲ್ಲ. ಎಡಕ್ಕೂ ಬಲಕ್ಕೂ ತೂಗುತ್ತ, ಎಂಟರ ಆಕಾರದಲ್ಲಿ ಸುತ್ತುತ್ತದೆ. ಇಂಗ್ಲೆಂಡಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದಲ್ಲಿ ಇದನ್ನು ಅಳೆಯುವುದಕ್ಕೆಂದೇ ಒಂದು ಸಂಶೋಧನಾ ತಂಡವಿದೆ ಎಂದೂ ತಿಳಿಸಿದಳು.

"ಯಾವ ಎಂಟು?" ಎಂದು ಗಣಿತದ ಮೇಡಂ ತಕ್ಷಣ ಆಕ್ಷೇಪವೆತ್ತಿದಳು. "ಕನ್ನಡದ ಎಂಟಾದರೆ ಅದು ಕೊಂಡಿಯಂತಿರುತ್ತದೆ, ಹೋದದ್ದು ವಾಪಸು ಬರುವುದೇ ಇಲ್ಲ."

ಇಂಗ್ಲಿಷ್ ಎಂಟು ಎಂದು ಇತ್ಯರ್ಥವಾಯಿತು. ಹಾಗಾದರೆ ಇದು ಆರ್‌ಟಿಒ ಮೈದಾನದಲ್ಲಿ ಸ್ಕೂಟರಿನ ಲೈಸೆನ್ಸಿಗಾಗಿ ಹಾಕಿಸುವ ಎಂಟೇ ಅಲ್ಲವೇ, ನಾನು ದಿನವೂ ಪರೀಕ್ಷೆ ಕೊಡುತ್ತಿದ್ದೇನೆ, ಯಾರೂ ಪಾಸು ಮಾಡುತ್ತಿಲ್ಲ ಎಂದು ನಾನು ಗೊಣಗಿದೆ. ಮೇಡಂ ಅಷ್ಟರಲ್ಲಿ ಒಣಕಡ್ಡಿಯೊಂದನ್ನು ಹಿಡಿದು ಮಣ್ಣಿನಲ್ಲಿ ಲೆಕ್ಕ ಬರೆಯತೊಡಗಿದ್ದಳು: ನಿಮಿಷಕ್ಕೆ 160 ಹೆಜ್ಜೆ, ನಲವತ್ತು ನಿಮಿಷದ ಓಟ, ಒಟ್ಟು 6,400 ಎಂಟುಗಳು. ಎಡ ಮತ್ತು ಬಲ ಎರಡು ಹೆಜ್ಜೆ ಸೇರಿದರೆ ಒಂದು ಎಂಟು ಪೂರ್ತಿಯಾಗುವುದು ಎಂದು ಫಿಸಿಯೋ ತಿದ್ದಿದಳು. ಮೇಡಂ ಮರುಮಾತಿಲ್ಲದೆ ಅರ್ಧ ಮಾಡಿ, 3,200 ಎಂದು ಕೆಳಗೆ ಎರಡು ಗೆರೆ ಎಳೆದು, ನನ್ನನ್ನು ಮೊದಲ ಬಾರಿಗೆ ಗೌರವದಿಂದ ನೋಡಿದಳು.

2012ರ ಲಂಡನ್ ಮ್ಯಾರಥಾನ್ ವೇಳೆ 1,285 ಓಟಗಾರ್ತಿಯರನ್ನು ವಿಚಾರಿಸಿದಾಗ ಶೇಕಡ 32 ಮಂದಿ ಸ್ತನದ ನೋವನ್ನು ಅನುಭವಿಸಿದ್ದಾಗಿ ಹೇಳಿದರು ಎಂಬುದನ್ನೂ ಫಿಸಿಯೋ ಹೇಳಿದಳು. ಅಂದರೆ ಮೂವರಲ್ಲಿ ಒಬ್ಬಳಿಗೆ ಹತ್ತಿರ. ಬೆಂಚಿನ ಮೇಲಿದ್ದ ನಾಲ್ವರಲ್ಲಿ ಆ ಒಬ್ಬಳು ಯಾರೆಂದು ಲೆಕ್ಕ ಹಾಕುವ ಅಗತ್ಯ ಬೀಳಲಿಲ್ಲ.

"ಓಟವನ್ನು ಬಿಟ್ಟು ಯೋಗ ಮಾಡಬಹುದಲ್ಲ" ಎಂದು ಯಾರೋ ಅಂದರು. ಯೋಗದ ಊರಿನಲ್ಲಿ ಹುಟ್ಟಿ ಅದನ್ನು ಮಾಡದೆ ಬಿಟ್ಟಿದ್ದೇನೆಯೇ? ಮಕರಾಸನದಲ್ಲಿ ಎಲ್ಲರೂ ಚಾಪೆಯ ಮೇಲೆ ಮಲಗಿದರೆ ನಾನು ಎರಡು ದಿಂಬುಗಳ ಮೇಲೆ ತೊಟ್ಟಿಲಿನಂತೆ ತೂಗುತ್ತಿರುತ್ತೇನೆ. ಸರ್ವಾಂಗಾಸನದ ಕಥೆ ಇನ್ನೂ ಘೋರ. ಕಾಲು ಮೇಲೆತ್ತಿದೊಡನೆ ಭೂಮಿಯ ಆಕರ್ಷಣೆ ತನ್ನ ದಿಕ್ಕನ್ನು ಮರೆಯದೆ ಎದೆಯನ್ನು ಪೂರ್ತಿಯಾಗಿ ನನ್ನ ಗಂಟಲಿನ ಕಡೆಗೆ ರವಾನಿಸಿತು. ಗುರುಗಳು ಗಂಭೀರವಾಗಿ, "ಗದ್ದವನ್ನು ನಿಧಾನವಾಗಿ ಎದೆಗೆ ತಾಗಿಸಿ" ಎಂದರು. "ಎದೆಯೇ ಬಂದು ಗದ್ದಕ್ಕೆ ತಾಗಿ ಎರಡು ನಿಮಿಷವಾಯಿತು ಗುರುಗಳೇ" ಎಂದು ಹೇಳಬೇಕೆಂದಿದ್ದೆ. ಮಾತನಾಡುವಷ್ಟು ಉಸಿರು ಇರಲಿಲ್ಲ. ಸೈಕಲ್ ತುಳಿ, ಈಜು ಎಂದು ಹೇಳುವವರೂ ಇದ್ದಾರೆ, ಎರಡೂ ಎದೆಗೆ ಹಿತವಾದವೇ ಹೌದು. ಆದರೆ ಓಡಬೇಕೆಂದು ಆಸೆಪಟ್ಟವಳಿಗೆ ಈಜು ಎನ್ನುವುದು ಹಸಿದವನ ಮುಂದೆ ಎಲೆ ಅಡಿಕೆ ಇಟ್ಟಂತೆ. ಶಸ್ತ್ರಚಿಕಿತ್ಸೆಯ ಮಾತೂ ಬಂದುಹೋಯಿತು. ರೊಮೇನಿಯಾದ ಟೆನಿಸ್ ಆಟಗಾರ್ತಿ ಸಿಮೋನಾ ಹಾಲೆಪ್ 2009ರಲ್ಲಿ, ಹದಿಹರೆಯದಲ್ಲೇ, ಸ್ತನದ ಗಾತ್ರ ತಗ್ಗಿಸಿಕೊಂಡು ಮುಂದೆ 2019ರಲ್ಲಿ ವಿಂಬಲ್ಡನ್ ಗೆದ್ದಳು. ನಾನು ಗೆಲ್ಲಬೇಕಾಗಿರುವುದು ಕೆರೆಯ ಒಂದು ಸುತ್ತು ಮಾತ್ರವಾದ್ದರಿಂದ ಅಷ್ಟು ದೂರ ಹೋಗುವುದು ಬೇಡವೆಂದು ಸಭೆ ತೀರ್ಮಾನಿಸಿತು.

ಆಗ ಅಕ್ಕ ತಮ್ಮ ಅಜ್ಜಿಯನ್ನು ನೆನೆದರು. ಅಜ್ಜಿ ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಬಸವನ್ನಲ್ಲದೆ ಬೇರೆಯದನ್ನು ಕಂಡವರಲ್ಲ. ಬೆಳಿಗ್ಗೆ ಎದ್ದವರೇ ಕುಬಸದ ಎರಡು ತುದಿಗಳನ್ನು ಎದೆಯ ಕೆಳಗೆ ತಂದು, ಉಸಿರು ಹೊರಗೆ ಬಿಟ್ಟು, ಗಟ್ಟಿಯಾಗಿ ಒಂದು ಗಂಟು ಹಾಕಿದರೆ ಮುಗಿಯಿತು. ಬೀಸುವುದು, ಕುಟ್ಟುವುದು, ಹೊಲಕ್ಕೆ ಬುತ್ತಿ ಹೊರುವುದು ಎಲ್ಲವೂ ಆ ಗಂಟಿನ ಭರವಸೆಯ ಮೇಲೆ ನಡೆಯುತ್ತಿತ್ತು. "ನಮ್ಮಜ್ಜಿಯದು ನಿನಗಿಂತ ಕಡಿಮೆಯೇನೂ ಇರಲಿಲ್ಲ. ಹೆಗಲಿಗೆ ಭಾರ ಹಾಕಿದ್ದನ್ನು ನಾನು ಕಾಣೆ. ಎಲ್ಲ ಭಾರವೂ ಕೆಳಗಿನ ಗಂಟಿನ ಮೇಲೆ" ಎಂದರು.

ಫಿಸಿಯೋ ಬೆಂಚಿನಿಂದ ಎದ್ದು ನಿಂತೇಬಿಟ್ಟಳು. ತಾನು ಪ್ರತಿದಿನ ಬಂದವರಿಗೆಲ್ಲ ಅರ್ಧ ಗಂಟೆ ವಿವರಿಸುವುದನ್ನು ಅಜ್ಜಿ ಒಂದು ಗಂಟಿನಲ್ಲಿ ಹೇಳಿಬಿಟ್ಟಿದ್ದಾರೆ, ಬ್ರಾದ ಆಧಾರ ಇರಬೇಕಾದದ್ದು ಎದೆಯ ಕೆಳಗಿನ ಪಟ್ಟಿಯಲ್ಲಿಯೇ ಹೊರತು ಹೆಗಲಿನ ಪಟ್ಟಿಗಳಲ್ಲಿ ಅಲ್ಲ ಎಂದಳು. ನನ್ನ ಹೆಗಲಿನ ಮೇಲಿದ್ದ ಎರಡು ಕೆಂಪು ಬರೆಗಳನ್ನು ನಾನು ಇಷ್ಟು ವರ್ಷ ಹೆಣ್ಣಾಗಿ ಹುಟ್ಟಿದ್ದಕ್ಕೆ ಕೊಡುವ ಕಂದಾಯವೆಂದು ತಿಳಿದಿದ್ದೆ. ಅದು ಬರೀ ಕೆಳಪಟ್ಟಿ ಸಡಿಲವಾಗಿರುವುದರ ಗುರುತಂತೆ.

ಮಾತು ಅಮೆರಿಕಕ್ಕೆ ಹೊರಳಿತು. 1977ರಲ್ಲಿ ವರ್ಮಾಂಟ್ ರಾಜ್ಯದಲ್ಲಿ ಲೀಸಾ ಲಿಂಡಾಲ್ ಎಂಬ ಓಟಗಾರ್ತಿಗೆ ಇದೇ ಸಂಕಟವಿತ್ತು. ಗಂಡಸರ ಆಟದ ಲಂಗೋಟಿಯಂಥದ್ದು ಹೆಂಗಸರಿಗೆ ಏಕಿಲ್ಲ ಎಂದು ಅವಳ ತಂಗಿ ಫೋನಿನಲ್ಲಿ ಕೇಳಿ ಇಬ್ಬರೂ ನಕ್ಕರು. ಲೀಸಾಳ ಗಂಡ ತಮಾಷೆಗೆಂದು ತನ್ನ ಆ ಲಂಗೋಟಿಯನ್ನು ಎದೆಗೆ ಏರಿಸಿಕೊಂಡು ಕುಣಿದನು. ಉಡುಪು ವಿನ್ಯಾಸದ ಪಾಲಿ ಸ್ಮಿತ್, ಅವಳ ಜೊತೆಗಾತಿ ಹಿಂಡಾ ಮಿಲ್ಲರ್ ಮತ್ತು ಲೀಸಾ ಸೇರಿ ಎರಡು ಲಂಗೋಟಿಗಳನ್ನು ಕತ್ತರಿಸಿ ಜೋಡಿಸಿ ಹೊಲಿದರು. ಸೊಂಟದ ಪಟ್ಟಿ ಎದೆಯ ಕೆಳಗಿನ ಪಟ್ಟಿಯಾಯಿತು, ಉಳಿದ ಪಟ್ಟಿಗಳು ಬೆನ್ನಿನ ಮೇಲೆ ಕತ್ತರಿಯಾಗಿ ಕೂಡಿದವು. ಅದೇ ಜಾಗ್‌ಬ್ರಾ, ಈಗಿನ ಸ್ಪೋರ್ಟ್ಸ್ ಬ್ರಾಗಳ ಮೂಲಪುರುಷ. ಅಥವಾ ಮೂಲಸ್ತ್ರೀ ಎನ್ನಬೇಕೋ ಏನೋ. ಗಂಡಸರ ಆ ಲಂಗೋಟಿ ಹುಟ್ಟಿದ್ದು ಸೈಕಲ್ ತುಳಿಯುವವರಿಗಾಗಿ, 1874ರಲ್ಲಿ. ಗಣಿತದ ಮೇಡಂ ಕಡ್ಡಿಗಾಗಿ ತಡಕಾಡದೆ ಬಾಯಿಲೆಕ್ಕದಲ್ಲೇ ಹೇಳಿದಳು: "ಅವರಿಗೆ ಸಿಕ್ಕಿದ 103 ವರ್ಷಗಳ ಬಳಿಕ ನಮಗೆ."

ಮರುದಿನವೇ ನನ್ನನ್ನು ಅಂಗಡಿಗೆ ಎಳೆದೊಯ್ದರು. ಮೊದಲನೆಯ ಅಂಗಡಿಯ ಹುಡುಗ ನನ್ನನ್ನು ನೋಡದೆಯೇ, ಗೋಡೆಯ ಕ್ಯಾಲೆಂಡರಿನ ಕಡೆಗೆ ಮುಖ ಮಾಡಿ, "ಡಬಲ್ ಎಕ್ಸೆಲ್ ಇದೆ, ಹಿಗ್ಗುತ್ತದೆ ಮೇಡಂ" ಎಂದು ಹೇಳಿ ಪೊಟ್ಟಣವನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಲು ಹೊರಟನು. ಒಂದು ರವಿಕೆಗೆ ನಮ್ಮ ದರ್ಜಿ ಎದೆಸುತ್ತು, ಸೊಂಟ, ಭುಜ, ಕಂಕುಳು, ತೋಳು, ಕತ್ತಿನ ಆಳ ಎಂದು ಪುಟ ತುಂಬ ಅಳತೆ ಬರೆದುಕೊಳ್ಳುತ್ತಾನೆ. ಅದರ ಒಳಗೆ ಇದಕ್ಕಿಂತ ದೊಡ್ಡ ಹೊಣೆ ಹೊರುವ ಉಡುಪಿಗೆ ಕ್ಯಾಲೆಂಡರ್ ನೋಡಿ ಅಳತೆ ಹೇಳುವುದು ಯಾವ ನ್ಯಾಯ ಎಂದು ಅಕ್ಕ ಗುಡುಗಿ ನಮ್ಮನ್ನೆಲ್ಲ ಹೊರಡಿಸಿದರು.

ಎರಡನೆಯ ಅಂಗಡಿಯಲ್ಲಿ ಟೇಪು ಹಿಡಿದ ಹೆಂಗಸಿದ್ದಳು. ಎದೆಯ ಕೆಳಗಿನ ಸುತ್ತಳತೆಯಿಂದ ಅಂಕಿ, ಎದೆಯ ತುಂಬುಭಾಗಕ್ಕೂ ಅದಕ್ಕೂ ಇರುವ ವ್ಯತ್ಯಾಸದಿಂದ ಅಕ್ಷರ ಹುಟ್ಟುತ್ತದೆ ಎಂದು ತಿಳಿಸಿ ಅಳೆದಳು. ನಾನು ಇಪ್ಪತ್ತು ವರ್ಷದಿಂದ 40ರ ಬಿ ತೊಡುತ್ತಿದ್ದೆ. ಬೇಕಾಗಿದ್ದುದು 36ರ ಡಿಡಿ. "ಡಿಡಿ ಎಂದರೆ ಡಿಮ್ಯಾಂಡ್ ಡ್ರಾಫ್ಟ್ ಅಲ್ಲವೇ?" ಎಂದು ಅಕ್ಕ ಹುಬ್ಬೇರಿಸಿದರು. ಪಟ್ಟಿಯ ಅಂಕಿ ಹೆಚ್ಚಿದಂತೆ ಅದೇ ಅಕ್ಷರದ ಬಟ್ಟಲೂ ದೊಡ್ಡದಾಗುತ್ತದೆ, ಆದ್ದರಿಂದ 40ರ ಬಿ ಮತ್ತು 36ರ ಡಿ ಇವುಗಳ ಬಟ್ಟಲು ಒಂದೇ ಗಾತ್ರದ್ದು ಎಂದು ಕೇಳಿ ಗಣಿತದ ಮೇಡಂ ಪುಳಕಿತಳಾದಳು. ಸ್ಪೋರ್ಟ್ಸ್ ಬ್ರಾಗಳಲ್ಲಿ ಬರೀ ಅದುಮುವ ಬಗೆ ಒಬ್ಬಟ್ಟು ತಟ್ಟಿದಂತೆ ಎರಡನ್ನೂ ಒಂದಾಗಿ ಚಪ್ಪಟೆ ಮಾಡುತ್ತದೆ. ನನ್ನಂಥವಳಿಗೆ ಬೇಕಾದದ್ದು ಕಟೋರಿ ಬ್ಲೌಸಿನಂತೆ ಎರಡಕ್ಕೂ ಬೇರೆಬೇರೆ ಬಟ್ಟಲು ಕೊಟ್ಟು, ಮೇಲೆ ಮೆಲ್ಲಗೆ ಅದುಮಿಯೂ ಹಿಡಿಯುವ, ಬೆನ್ನಿನಲ್ಲಿ ಹುಕ್ಕುಗಳಿರುವ ಬಗೆ. ಪಟ್ಟಿಯ ಕೆಳಗೆ ಎರಡು ಬೆರಳು ತೂರಬೇಕು, ಮುಷ್ಟಿ ತೂರಬಾರದು. ಬೆನ್ನಿನಲ್ಲಿ ಪಟ್ಟಿ ಮೇಲಕ್ಕೆ ಏರಬಾರದು. ಹೊಸದರಲ್ಲಿ ಕೊನೆಯ ಸಾಲಿನ ಹುಕ್ಕಿಗೆ ಹಾಕಿ, ಎಲಾಸ್ಟಿಕ್ ಹಿಗ್ಗಿದಂತೆ ಒಳಸಾಲಿಗೆ ಬರಬೇಕು.

"ಒಳಗೆ ಹೋಗಿ ಕುಣಿದು ನೋಡು" ಎಂದಳು ಫಿಸಿಯೋ. ಪ್ಲೈವುಡ್ಡಿನ ಆ ಕೋಣೆಯಲ್ಲಿ ನಾನು ಕನ್ನಡಿಯ ಎದುರು ಹತ್ತು ಬಾರಿ ನೆಗೆದೆ. ಎದೆ ಅಲುಗಲಿಲ್ಲ; ಕೋಣೆ ಅಲುಗಿತು, ಮೊಳೆಯಲ್ಲಿ ತೂಗುಹಾಕಿದ್ದ ನನ್ನ ಕೈಚೀಲ ಕೆಳಗೆ ಬಿತ್ತು, ಹೊರಗಿನಿಂದ ಟೇಪಿನ ಹೆಂಗಸು ಗಾಬರಿಯಿಂದ, "ಬಿದ್ದಿರಾ ಮೇಡಂ?" ಎಂದಳು. "ಪಾಸಾದೆ" ಎಂದೆ.

ಓಟದ ದಿನ ಪಟ್ಟಿಯ ಅಂಚಿಗೆ ಚರ್ಮ ಉಜ್ಜದಂತೆ ಸ್ವಲ್ಪ ವ್ಯಾಸಲಿನ್ ಸವರಿಕೊಂಡು, ಬಂದೊಡನೆ ಒದ್ದೆಯನ್ನು ಕಳಚಿ ಎದೆಯ ಕೆಳಗೆ ಚೆನ್ನಾಗಿ ಒರೆಸಿಕೊಳ್ಳಬೇಕೆಂಬ ಎಚ್ಚರಿಕೆಯೊಂದಿಗೆ ಗುರುವಾರ ಕೆರೆಗೆ ಇಳಿದೆ. ಒಂದು ಸುತ್ತು ಪೂರ್ತಿ ಓಡಿದೆ. ನೋಯಲಿಲ್ಲ. ಒಂದೇ ತೊಂದರೆಯೆಂದರೆ, ಇಪ್ಪತ್ತು ವರ್ಷ ಎದೆ ಕಾದ ಕೈಗಳಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಅವು ತಮ್ಮಷ್ಟಕ್ಕೆ ಮೇಲೇಳುತ್ತಿದ್ದವು. ಮೇಲೆದ್ದ ಕೈಯನ್ನು ಸುಮ್ಮನೆ ಇಳಿಸುವುದು ಹೇಗೆಂದು ಎದುರು ಬಂದವರಿಗೆಲ್ಲ ಬೀಸಿಬಿಟ್ಟೆ. ಗುರುತಿಲ್ಲದ ಒಬ್ಬ ಹಿರಿಯರು ನಿಂತು, "ಎಲ್ಲಿ ನೋಡಿದ್ದೆ ನಿಮ್ಮನ್ನು?" ಎಂದು ಯೋಚನೆಗೆ ಬಿದ್ದರು.

ಕಲ್ಲುಬೆಂಚಿನ ಬಳಿ ಬಂದಾಗ ಅಕ್ಕ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಮ್ಮ ನೀರಿನ ಬಾಟಲಿ, ಸ್ವೆಟರು ಮತ್ತು ದಾರಿಯಲ್ಲಿ ಕೊಂಡಿದ್ದ ಎರಡು ಕಟ್ಟು ದಂಟಿನ ಸೊಪ್ಪನ್ನು ನನ್ನ ಕೈಗೆ ತುಂಬಿದರು.

"ಹೇಗೂ ಕೈ ಖಾಲಿ ಇವೆಯಲ್ಲ, ಇನ್ನೊಂದು ಸುತ್ತು ಹೊಡೆಯುವಾಗ ಇವನ್ನೂ ಹಿಡಿದುಕೊಂಡು ಹೋಗು."