ಹಳೇ ಪೇಪರ್‌ನ ತಲೆಬರಹ ಓದಿ ಊರವರನ್ನ ನಗಿಸೋದು ಹೇಗೆ? ಮಾಡಿ ನೋಡಿದವರು ಹೇಳಿ

ನಮ್ಮೂರು ತೀರ್ಥಹಳ್ಳಿ ಹತ್ತಿರ. ಅಟ್ಟ ಗುಡಿಸುವಾಗ ಅಜ್ಜ ಕಟ್ಟಿಟ್ಟ ಪೇಪರ್ ಕಟ್ಟುಗಳು ಸಿಕ್ಕಿವೆ. 1957ರಿಂದ ಎಂಬತ್ತರ ದಶಕದವರೆಗೆ ಇದೆ, ನಡುವೆ ಒರಲೆ ತಿಂದ ವರ್ಷಗಳನ್ನ ಬಿಟ್ಟು. ಈ ಸಲ ಗಣಪತಿ ಹಬ್ಬದ ಮನರಂಜನೆಯಲ್ಲಿ ನಂಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ತಲೆಬರಹ ಓದಿ, "ಇದು ನಮ್ಮೂರಲ್ಲೇ ಆಗಿದ್ರೆ ಮುಂದೆ ಎಂತಾಗ್ತಿತ್ತು" ಅಂತ ಹೇಳಿ ನಗಿಸೋ ಯೋಚನೆ. ಮನೇಲಿ ಓದಿ ತೋರಿಸಿದೆ. ನಕ್ಕಿದ್ದು ಅತ್ತಿಗೆ ಒಬ್ಬರೇ, ಅದೂ ನನ್ನ ಕನ್ನಡಕ ಜಾರಿದ್ದಕ್ಕೆ. ಎಂಥ ಸುದ್ದಿ ಆರಿಸಬೇಕು, ಎಂಥದ್ದು ಬಿಡಬೇಕು, ಹೇಳಿ ಮಾರಾಯ್ರೆ.

ಸಾಗರದಿಂದ:

ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ನಾನು ಇದನ್ನ ಮಾಡಿದ್ದೆ. ಮೊದಲನೇದು, ನೀವು ನಗಬೇಡಿ. "ಆಗಿನವರು ಎಷ್ಟು ಮುಗ್ಧರು ನೋಡಿ" ಅನ್ನೋ ಧಾಟಿ ಬಂದ ಕೂಡಲೇ ಮುಂದಿನ ಸಾಲಿನ ಹಿರಿಯರ ಮುಖ ಗಂಟಾಗ್ತದೆ. ಆಗಿನವರು ಅಂದ್ರೆ ಅವರೇ ಅಲ್ವಾ! ತಲೆಬರಹವನ್ನ ಪೂರ್ತಿ ನಂಬಿ. ನಂಬಿ, ತಂದು ಒಂದೇ ಒಂದು ಮನೆಯ ಅಂಗಳದಲ್ಲಿ ಇಳಿಸಿ. ದೇಶಕ್ಕೆ ಎಂತಾಯ್ತು ಅಂತ ಹೊರಟ್ರೆ ಭಾಷಣ ಆಗ್ತದೆ.

1979ರ ಜುಲೈ ಕಟ್ಟು ಉಳಿದಿದ್ರೆ ಬಿಚ್ಚಿ, ಸ್ಕೈಲ್ಯಾಬ್ ಸಿಕ್ಕೇ ಸಿಗ್ತದೆ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ, ಸುಮಾರು 77 ಟನ್ ತೂಕ, ಸರಿಯಾಗಿ ಎಲ್ಲಿ ಬೀಳ್ತದೆ ಅಂತ ನಾಸಾದವರಿಗೇ ಗೊತ್ತಿರಲಿಲ್ಲ. ನಮ್ಮ ದೇಶದಲ್ಲೂ ತಲೆ ಮೇಲೇ ಬೀಳ್ತದೆ ಅಂತ ಜನ ಹೆದರಿದ್ರು. ಕೊನೆಗೆ ಜುಲೈ 11ಕ್ಕೆ ಚೂರು ಚೂರಾಗಿ ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾಕ್ಕೂ ಬಿತ್ತು. ಅಲ್ಲಿ ಎಸ್ಪೆರೆನ್ಸ್ ಅನ್ನೋ ಊರಿನ ಆಡಳಿತದವರು, ಕಸ ಎಸೆದಿದ್ದಕ್ಕೆ ಅಂತ ನಾಸಾಗೆ 400 ಡಾಲರ್ ದಂಡ ಹಾಕಿದ್ರು. ಇಲ್ಲಿವರೆಗೆ ನಡೆದದ್ದು. ಮುಂದಿನದು ನಾನು ಕಟ್ಟಿದ್ದು.

ಆಷಾಢದ ಮಳೆ. ಸ್ವಲ್ಪ ಹೊಳವಾಯ್ತು ಅಂತ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೀತಿದ್ದಾರೆ. ದಢಾರ್! ಮೊದಲು ಓಡಿ ಬಂದವನು ಪಕ್ಕದ ತೋಟದವ, ಬೇಲಿ ಯಾರ ಕಡೆಗೆ ವಾಲಿದೆ ನೋಡೋಕೆ. ಮಾರನೇ ದಿನ ಪಂಚನಾಮೆ: "ಸದರಿ ಸರ್ವೆ ನಂಬರಿನಲ್ಲಿ ಆಕಾಶದಿಂದ ಬಿದ್ದಿರುವ ಲೋಹದ ವಸ್ತು ಒಂದು. ಚಕ್ಕುಬಂದಿ: ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಸೊಪ್ಪಿನಬೆಟ್ಟ, ಉತ್ತರಕ್ಕೆ ತಕರಾರು ಇರುವ ಕಾಲುದಾರಿ, ದಕ್ಷಿಣಕ್ಕೆ ಅರ್ಜಿದಾರರ ಅಣ್ಣನ ತೋಟ. ವಸ್ತುವಿನ ಮಾಲೀಕರು ಅಮೆರಿಕ ಸರ್ಕಾರ. ಕೂಗಲಾಗಿ ಹಾಜರಿರಲಿಲ್ಲ." ಸೊಪ್ಪಿನಬೆಟ್ಟ ಅಂದ್ರೆ ತೋಟಕ್ಕೆ ಸೊಪ್ಪು ತರೋ ಕಾಡು. ಅಲ್ಲಿಗೆ ಸಿಡಿದ ಚೂರು ತಮ್ಮದು ಅಂತ ಫಾರೆಸ್ಟಿನವರು ಬಂದ್ರು. ಆರು ತಿಂಗಳು ಕಳೆಯೋದ್ರೊಳಗೆ ಯಾರೋ ಅದರೊಳಗೆ ಕೋಳಿ ಸಾಕಿ, ಅನುಭವದಲ್ಲಿದ್ದೇವೆ ಅಂತ ಬಗರ್ ಹುಕುಂ ಅರ್ಜಿನೂ ಹಾಕಿದ್ರು.

ಚಕ್ಕುಬಂದಿ ಓದುವಾಗ ಅವಸರ ಮಾಡಬೇಡಿ, ನಾಲ್ಕೂ ದಿಕ್ಕು ಓದಿ. ಜನ ಬಿದ್ದು ಬಿದ್ದು ನಕ್ಕಿದ್ದು ಅಲ್ಲೇ. ಜಮೀನಿನ ತಕರಾರು ಇಲ್ಲದ ಮನೆ ನಮ್ಮ ಕಡೆ ಎಲ್ಲಿದೆ ಹೇಳಿ?

ಹೊಸನಗರದಿಂದ:

ಸಾಗರದವರು ಹೇಳಿದ್ದು ಸರಿ. ನನ್ನ ಕೇಳಿದ್ರೆ ಅದಕ್ಕಿಂತ ಒಳ್ಳೇ ಮಾಲು 1962ರ ಫೆಬ್ರವರಿಯದು. ಮಕರ ರಾಶೀಲಿ ಅಷ್ಟಗ್ರಹ ಕೂಟ, ಪ್ರಳಯ ಆಗ್ತದೆ ಅಂತ ದೇಶದ ತುಂಬ ಹೋಮ, ಭಜನೆ. ಇಲ್ಲಿ ನೋಡಬೇಕಾದ್ದು ತಿಂಗಳು. ಫೆಬ್ರವರಿ ಅಂದ್ರೆ ಅಡಿಕೆ ಕೊಯ್ಲು ಮುಗಿದು ಚೀಲ ಮನೇಲಿರೋ ಹೊತ್ತು. ಪ್ರಳಯದ ಮುಂಚೆ ಮಾರೋದಾ, ಆಮೇಲೆ ಮಾರೋದಾ? ನಾನು ಒಬ್ಬ ಸಾಹುಕಾರ, ಒಬ್ಬ ಸಾಲಗಾರನ್ನ ಎದುರು ಬದುರು ಕೂರಿಸಿದೆ. ಸಾಹುಕಾರಂಗೆ ದುಡ್ಡು ಎರಡನೇ ತಾರೀಕಿಗೇ ಬೇಕು. ಸಾಲಗಾರ, "ಆರನೇ ತಾರೀಕು ಬೆಳಗ್ಗೆ ನೀವೂ ಇದ್ದು ನಾನೂ ಇದ್ರೆ ತಂದು ಕೊಡ್ತೇನೆ, ದೇವರಾಣೆ." ಹತ್ತು ನಿಮಿಷ ಇದರಲ್ಲೇ ಹೋಯ್ತು. ಆರನೇ ತಾರೀಕು ಸಾಲಗಾರನ ಮುಖದಲ್ಲಿ ಕಂಡ ನಿರಾಸೆ ನಟಿಸೋಕೆ ನಿಮ್ಮೂರಲ್ಲಿ ಒಳ್ಳೇ ವೇಷಧಾರಿ ಯಾರಾದ್ರೂ ಇದ್ರೆ ಕರೀರಿ.

ದುರ್ಗಿಗುಡಿಯಿಂದ:

1957 ಇದೆ ಅಂದ್ರಲ್ಲ, ಏಪ್ರಿಲ್ 1ರ ಆಸುಪಾಸು ಹುಡುಕಿ. ರೂಪಾಯಿಗೆ 16 ಆಣೆ ಹೋಗಿ 100 ನಯಾ ಪೈಸೆ ಬಂದ ದಿನ ಅದು. ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಅಂತ ಸರ್ಕಾರದ ಲೆಕ್ಕ. ಈಗ ಒಂದಾಣೆ ಕಾಫಿಯ ಹೋಟೆಲಿಗೆ ನಾಲ್ಕು ಜನ ಬಂದ್ರು ಅಂತಿಟ್ಕೊಳ್ಳಿ. ಬೇರೆ ಬೇರೆ ಕೊಟ್ರೆ 24, ಒಟ್ಟಿಗೆ ಕೊಟ್ರೆ 25. ಒಂದು ಪೈಸೆ ಉಳಿಸೋಕೆ ಜೀವದ ಗೆಳೆಯರು ಬೇರೆ ಬೇರೆ ಮೇಜಲ್ಲಿ ಕೂರ್ತಾರೆ, ಗುರುತೇ ಇಲ್ಲದವರ ಹಾಗೆ. ಗಲ್ಲಾಪೆಟ್ಟಿಗೆ ಭಟ್ಟರು "ನೀವೆಲ್ಲ ಒಂದೇ ಮನೆಯವರಲ್ವಾ" ಅಂತ ಎಲ್ಲರನ್ನೂ ಒಂದೇ ಬೆಂಚಿಗೆ ಎಳೆದು ತರ್ತಾರೆ. ಶಾಲೆ ಮಕ್ಕಳಿಗೆ ಕೊಡಿ ಇದನ್ನ, ಚೆನ್ನಾಗಿ ಮಾಡ್ತವೆ.

ಭದ್ರಾವತಿಯಿಂದ:

ನಗಿಸೋದು ಆಮೇಲೆ, ಮೊದಲು ಪೇಪರ್ ಉಳಿಸಿಕೊಳ್ಳಿ. ನ್ಯೂಸ್‌ಪ್ರಿಂಟ್ ಮಾಡ್ತಿದ್ದ ಕಾರ್ಖಾನೆಯ ಊರಿನವನು ನಾನು. ಮರದ ತಿರುಳಲ್ಲಿ ಇರೋ ಲಿಗ್ನಿನ್ ಪೂರ್ತಿ ತೆಗೆಯದೇ ಮಾಡಿದ ಕಾಗದ ಅದು. ಬಿಸಿಲು, ಗಾಳಿ ತಾಗಿದ ಹಾಗೆ ಹಳದಿಯಾಗಿ ಹಪ್ಪಳದ ಹಾಗೆ ಮುರೀತದೆ. ಮಳೆ ಹಿಡಿದಾಗ ಕಟ್ಟು ಬಿಚ್ಚಬೇಡಿ, ಸೆಲೋಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಒಣ ಹವೆ ಇರೋ ದಿನ ಹಾಸಿ ಮೊಬೈಲಲ್ಲಿ ಫೋಟೋ ತೆಗೀರಿ, ವೇದಿಕೆ ಮೇಲೆ ಕೈಯಲ್ಲಿ ಬರೆದುಕೊಂಡಿದ್ದನ್ನ ಓದಿ. ಕಟ್ಟನ್ನ ಬರೀ ಎತ್ತಿ ತೋರಿಸಿದ್ರೆ ಸಾಕು.

ಹಿನ್ನೀರಿನ ಕಡೆಯಿಂದ:

ಬಿಡೋದು ಎಂಥದ್ದು ಅಂತ ಕೇಳಿದ್ರಿ. 1964ರ ಲಿಂಗನಮಕ್ಕಿ, ಶರಾವತಿಗೆ ಕಟ್ಟಿದ ಅಣೆಕಟ್ಟು. ನಾಡಿಗೆ ಬೆಳಕು ಅನ್ನೋ ಅರ್ಥದ ಸುದ್ದಿ ಏನಿದ್ರೂ, ಅದರ ನೀರಲ್ಲಿ ಮನೆ, ಜಮೀನು ಕಳ್ಕೊಂಡ ಮುಳುಗಡೆಯವರು ಕೂತಿರೋ ಸಭೇಲಿ ಹೊರಗಿನವರು ಅದನ್ನ ತಮಾಷೆ ಮಾಡಬಾರದು. ಕರೆಂಟು ನಮ್ಮ ತಲೆ ಮೇಲಿನ ತಂತೀಲಿ ಬೆಂಗಳೂರಿಗೆ ಹೋಯ್ತು, ನಾವು ಚಿಮಣಿ ಬುಡ್ಡಿ ಹಿಡ್ಕೊಂಡು ನೋಡ್ತಾ ಕೂತ್ವಿ. ಆದ್ರೆ ನಮ್ಮವರೇ ಮಾಡ್ಕೊಳ್ಳೋ ನಗೆ ಒಂದಿದೆ. ಜೋಗದ ವಿದ್ಯುತ್ತಿಗೆ ಅಂತ ಮೊದಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. ಲಿಂಗನಮಕ್ಕಿ ಬಂದ ಮೇಲೆ ಅದೂ ಮುಳುಗ್ತು. ಬೇಸಿಗೇಲಿ ನೀರು ಇಳಿದಾಗ ಮಡೆನೂರಿನ ಹತ್ತಿರ ಮೇಲೆ ಕಾಣ್ತದೆ. "ಡ್ಯಾಮಿಗೇ ಬದಲಿ ಜಾಗ ಕೊಟ್ಟಿಲ್ಲ, ನಮಗೆ ಕೊಡ್ತಾರಾ" ಅಂತಾರೆ ನಮ್ಮ ಕಡೆ. ಇದನ್ನ ಹೇಳೋದಿದ್ರೆ ಮುಳುಗಡೆ ಮನೆಯ ಒಬ್ಬರ ಬಾಯಲ್ಲೇ ಹೇಳಿಸಿ. ನೀವು ಮೈಕ್ ಕೊಟ್ಟು ಪಕ್ಕಕ್ಕೆ ನಿಲ್ಲಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಸ್ಕೈಲ್ಯಾಬ್ ಸಿಕ್ತು! ಆದ್ರೆ ಅದೇ ಪುಟದ ಅರ್ಧ ಭಾಗಕ್ಕೆ ಅಜ್ಜ ಕೆಂಪು ಪೆನ್ಸಿಲಲ್ಲಿ ಗೆರೆ ಎಳೆದಿದ್ದಾರೆ. ಗೆರೆ ಇರೋದು ಅಡಿಕೆ ಧಾರಣೆಗೆ. ರಾಶಿ, ಬೆಟ್ಟೆ, ಸರಕು, ಗೊರಬಲು, ನಾಲ್ಕೂ ಬಗೆಯ ಅಡಿಕೆಗೂ. ಆಕಾಶ ಬೀಳೋ ಸುದ್ದಿ ಪಕ್ಕದಲ್ಲೇ ಇದ್ರೂ ಅದಕ್ಕೆ ಒಂದು ಚುಕ್ಕೆನೂ ಇಟ್ಟಿಲ್ಲ. ಇದನ್ನೇ ಹೇಳಿ ಶುರು ಮಾಡ್ಲಾ? ಕೊನೆಗೆ ಎಂತ ಇಡ್ಲಿ?

ಸಾಗರದಿಂದ:

ಶುರುವಿಗೆ ಅದೇ ಇರಲಿ, ಕಣ್ಣು ಮುಚ್ಚಿಕೊಂಡು ಇಡಿ. ಕೊನೆಗೆ, ಇನ್ನೂ ಬಾರದ ತಾಳಗುಪ್ಪ-ಹೊನ್ನಾವರ ರೈಲು. ಬರ್ತದೆ, ಸಮೀಕ್ಷೆ ಆಗ್ತದೆ, ಬೇಡಿಕೆ ಇಟ್ಟಿದ್ದಾರೆ ಅನ್ನೋ ಸುದ್ದಿ ಒಂದು ಓದಿ. ತಾರೀಕು ಹೇಳಬೇಡಿ. ಇದು ಯಾವ ವರ್ಷದ ಪೇಪರ್ ಅಂತ ಸಭೆಯನ್ನೇ ಕೇಳಿ. ಒಬ್ಬರು ಅರವತ್ತು ಅಂತಾರೆ, ಒಬ್ಬರು ಎಂಬತ್ತು, ಹಿಂದಿನ ಸಾಲಿನ ಹುಡುಗರು ಹೋದ ವಾರ ಅಂತಾರೆ. ಎಲ್ಲರದ್ದೂ ಸರಿ ಅಂತ ಹೇಳಿ ಪಂಚಕಜ್ಜಾಯ ಹಂಚಿ.